ಜಿಪ್ಸಮ್ ಪ್ಲಾಸ್ಟರ್ ಗೋಡೆಗೆ ಪುಟ್ಟಿ ಬೇಕೆ, ಪ್ರೈಮರ್ ಸಾಕೆ?

ಪ್ರಶ್ನೆ: ಮನೆ ಕಟ್ಟಿಸುತ್ತಿರುವವರು, ಮೈಸೂರು

ನಮಸ್ಕಾರ. ನಾವು ಕಟ್ಟಿಸುತ್ತಿರುವ ಎರಡು ಅಂತಸ್ತಿನ ಮನೆಯ ಒಳಗೋಡೆಗಳಿಗೆ ಸಿಮೆಂಟ್ ಗಾರೆಯ ಬದಲು ಸುಮಾರು 12 ಮಿಲಿಮೀಟರ್ ದಪ್ಪಕ್ಕೆ ಜಿಪ್ಸಮ್ ಪ್ಲಾಸ್ಟರ್ ಮಾಡಿಸಿದ್ದೇವೆ. ಆ ಕೆಲಸ ಮುಗಿದು ಮೂರು ವಾರವಾಯಿತು. ಗೃಹಪ್ರವೇಶಕ್ಕೆ ಇನ್ನು ಆರು ವಾರವಿದೆ. ಗೋಡೆಯನ್ನು ನುಣುಪಾಗಿಸುವ ಬಿಳಿ ಸಿಮೆಂಟ್ ಪುಟ್ಟಿಯನ್ನು ಎರಡು ಕೋಟ್ ಎಳೆದು, ಅದರ ಮೇಲೆ ಬಣ್ಣಕ್ಕೆ ತಳಪದರವಾಗುವ ಆಯಿಲ್ ಪ್ರೈಮರ್ ಹೊಡೆಯದಿದ್ದರೆ ಎಮಲ್ಷನ್ ಬಣ್ಣ ನಿಲ್ಲುವುದಿಲ್ಲ ಎಂದು ಬಣ್ಣದ ಮೇಸ್ತ್ರಿ ಹೇಳುತ್ತಾರೆ. ಪ್ಲಾಸ್ಟರ್ ಮಾಡಿದ ಗುತ್ತಿಗೆದಾರರಾದರೋ, ಆ ಖರ್ಚು ಉಳಿಸುವುದಕ್ಕೆಂದೇ ಜನ ಜಿಪ್ಸಮ್ ಮಾಡಿಸುತ್ತಾರೆ, ನೇರವಾಗಿ ಬಣ್ಣ ಬಳಿಸಿ ಎನ್ನುತ್ತಾರೆ. ಅಂಗೈಯಿಂದ ಸವರಿದರೆ ಕೆಲವು ಕಡೆ ಬಿಳಿ ಪುಡಿ ಅಂಟುತ್ತದೆ. ಮಹಡಿಯ ಪಶ್ಚಿಮದ ಕೋಣೆಯಲ್ಲಿ ಒಂದು ಗೋಡೆ ಉಳಿದವಕ್ಕಿಂತ ಮಬ್ಬಾಗಿದೆ. ಅದರ ಹೊರಮೈಗೆ ಇನ್ನೂ ಗಾರೆಯಾಗಿಲ್ಲ. ಇದು ಸಾಲದೆಂಬಂತೆ, ಪ್ಲಾಸ್ಟರ್ ಆದ ಮೇಲೆ ಗೋಡೆ ಕೊರೆದ ಎಲೆಕ್ಟ್ರಿಷಿಯನ್ ಆ ಜಾಗಗಳಿಗೆ ಸಿಮೆಂಟ್ ಮೆತ್ತಿ ಹೋಗಿದ್ದಾರೆ. ಯಾರ ಮಾತು ಕೇಳಬೇಕೆಂದು ತಿಳಿಯುತ್ತಿಲ್ಲ.

ಉತ್ತರ 1: ಸಿವಿಲ್ ಎಂಜಿನಿಯರ್, ಹುಬ್ಬಳ್ಳಿ

ಬಿಳಿ ಸಿಮೆಂಟ್ ಪುಟ್ಟಿ ಬೇಡ ಎಂಬುದರಲ್ಲಿ ಗುತ್ತಿಗೆದಾರರು ಸರಿ, ಪ್ರೈಮರ್ ಬೇಡ ಎಂಬುದರಲ್ಲಿ ತಪ್ಪು. ಆದರೆ ಇವೆರಡಕ್ಕೂ ಮೊದಲು ಗೋಡೆ ಒಣಗಿದೆಯೇ ಎಂಬುದನ್ನು ನೋಡಬೇಕು.

ಜಿಪ್ಸಮ್ ಪ್ಲಾಸ್ಟರ್ ಅರ್ಧ ಗಂಟೆಯ ಆಸುಪಾಸಿನಲ್ಲಿ ಬಿಗಿಯುತ್ತದೆ, ಅದಕ್ಕೆ ಸಿಮೆಂಟ್ ಗಾರೆಯಂತೆ ದಿನಗಟ್ಟಲೆ ನೀರುಣಿಸುವ ಕ್ಯೂರಿಂಗ್ ಬೇಕಿಲ್ಲ. ಇದರಿಂದಲೇ ಅದು ಬೇಗ ಒಣಗುತ್ತದೆಂಬ ಭ್ರಮೆ ಹುಟ್ಟುತ್ತದೆ. ಬಿಗಿಯುವುದೇ ಬೇರೆ, ಒಣಗುವುದೇ ಬೇರೆ. 25 ಕಿಲೋ ಚೀಲದ ಪುಡಿ ಗಟ್ಟಿಯಾಗಲು ರಾಸಾಯನಿಕವಾಗಿ ಬೇಕಾದ ನೀರು ಐದು ಲೀಟರಿಗಿಂತ ಕಡಿಮೆ. ಕೈಗೆ ಹದವಾಗಿ ಕಲಸಲು ಮಾತ್ರ 15ರಿಂದ 18 ಲೀಟರ್ ಹಾಕಬೇಕಾಗುತ್ತದೆ. ಅಂದರೆ ಚೀಲವೊಂದಕ್ಕೆ ಹತ್ತು ಲೀಟರಿಗೂ ಹೆಚ್ಚು ನೀರು ಗೋಡೆಯಿಂದ ಗಾಳಿಗೆ ಆರಿಹೋಗಬೇಕು. ಕಿಟಕಿ ಮುಚ್ಚಿಟ್ಟ ಮನೆಯಲ್ಲಿ ಮೂರು ವಾರವೂ ಸಾಲದೆ ಹೋಗಬಹುದು.

ಪರೀಕ್ಷೆ ಸುಲಭ. ಎರಡು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಬಿಗಿಯಾಗಿ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಿ. ಒಳಗೆ ಹನಿಗಟ್ಟಿದ್ದರೆ ಅಥವಾ ಆ ಚೌಕ ಕಪ್ಪಿಟ್ಟಿದ್ದರೆ ಕಾಯಬೇಕು. ಪಶ್ಚಿಮದ ಗೋಡೆಯ ಮಬ್ಬು ಹೊರಗಿನ ಮಳೆಯಿಂದ ಬಂದದ್ದೇ ಇರಬೇಕು. ಹೊರ ಗಾರೆಯಾಗಿ ಒಣಗುವವರೆಗೆ ಅದನ್ನು ಮುಟ್ಟಬೇಡಿ.

ಇನ್ನು ಪುಟ್ಟಿಯ ಮಾತು. ಬಿಳಿ ಸಿಮೆಂಟ್ ಪುಟ್ಟಿ ಗಟ್ಟಿಯಾಗಲು ಗೋಡೆಯಲ್ಲಿ ತೇವವಿರಬೇಕು, ಆದ್ದರಿಂದ ಹಚ್ಚುವ ಮೊದಲು ನೀರು ಚಿಮುಕಿಸುತ್ತಾರೆ. ಜಿಪ್ಸಮ್ ನೀರು ಕುಡಿದರೆ ಮೆತ್ತಗಾಗುತ್ತದೆ. ನೀರು ಚಿಮುಕಿಸದೆ ಹಚ್ಚಿದರೆ ಪುಟ್ಟಿಯ ನೀರನ್ನು ಕ್ಷಣದಲ್ಲಿ ಹೀರಿ ಅದನ್ನು ಸೀಮೆಸುಣ್ಣದಂತೆ ಮಾಡುತ್ತದೆ. ಮುಂದೆ ಎಂದಾದರೂ ಪಸೆ ಬಂದರೆ ಜಿಪ್ಸಮ್ಮಿನ ಸಲ್ಫೇಟ್ ಸಿಮೆಂಟಿನೊಡನೆ ವರ್ತಿಸಿ ಉಬ್ಬುವ ಹರಳುಗಳಾಗುತ್ತವೆ, ಪುಟ್ಟಿ ಹಕ್ಕಳೆಯಾಗಿ ಏಳುತ್ತದೆ. ಸಣ್ಣ ಗುಳಿ, ಗೀರುಗಳಿಗೆ ಸಿಮೆಂಟಿಲ್ಲದ ಅಕ್ರಿಲಿಕ್ ಪುಟ್ಟಿ ಸಾಕು, ಅದೂ ಪ್ರೈಮರಿನ ಮೊದಲ ಕೋಟ್ ಆದ ಮೇಲೆ.

ಉತ್ತರ 2: ಮನೆಯೊಡತಿ, ಮಂಗಳೂರು

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಜುಲೈ ತಿಂಗಳಲ್ಲಿ, ಹೊರಗೆ ಜಡಿಮಳೆ ಸುರಿಯುತ್ತಿದ್ದಾಗಲೇ, ಬೇಗ ಮುಗಿಸುವ ಹಂಬಲದಿಂದ ಜಿಪ್ಸಮ್ ಗೋಡೆಗೆ ಆಯಿಲ್ ಪ್ರೈಮರ್ ಹೊಡೆಸಿದೆವು. ಎಣ್ಣೆಯ ಪದರ ಗೋಡೆಯೊಳಗಿನ ನೀರಿಗೆ ಹೊರಬರುವ ದಾರಿಯನ್ನೇ ಮುಚ್ಚಿತು. ದೀಪಾವಳಿಯ ಹೊತ್ತಿಗೆ ಹಾಲ್‌ನ ಗೋಡೆಯಲ್ಲಿ ಅಂಗೈಯಗಲದ ಗುಳ್ಳೆಗಳೆದ್ದು, ಉಗುರಿನಿಂದ ಎಳೆದರೆ ಬಣ್ಣ, ಪ್ರೈಮರ್ ಎರಡೂ ಹಪ್ಪಳದಂತೆ ಒಟ್ಟಿಗೆ ಬರುತ್ತಿದ್ದವು. ಕೆರೆದು ಮತ್ತೆ ಮಾಡಿಸಲು ಮೊದಲ ಸಲಕ್ಕಿಂತ ಹೆಚ್ಚು ಕೂಲಿ ಕೊಟ್ಟೆವು. ಎರಡನೆಯ ಸಲ ಎಣ್ಣೆಯದರ ಬದಲು ನೀರು ಬೆರೆಸುವ ವಾಟರ್ ಪ್ರೈಮರ್ ಹಾಕಿಸಿದ್ದೇವೆ, ಈವರೆಗೆ ತೊಂದರೆ ಕಂಡಿಲ್ಲ.

ಉತ್ತರ 3: ಬಣ್ಣದ ಗುತ್ತಿಗೆದಾರ, ಬೆಂಗಳೂರು

ಎಂಜಿನಿಯರ್ ಸಾರ್ ಹೇಳಿದ ರಸಾಯನಶಾಸ್ತ್ರ ನನಗೆ ಗೊತ್ತಿರಲಿಲ್ಲ, ಆದರೆ ಪುಟ್ಟಿ ಹಕ್ಕಳೆಯೇಳುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ನಿಮ್ಮ ಮೇಸ್ತ್ರಿಯನ್ನು ಪೂರ್ತಿ ದೂರಬೇಡಿ. ಸಿಮೆಂಟ್ ಗಾರೆಯ ಮೇಲೆ ಅವರ ಕ್ರಮ ರೂಢಿಯದೇ, ಅದನ್ನೇ ಇಲ್ಲಿಗೂ ತಂದಿದ್ದಾರೆ ಅಷ್ಟೆ.

ಕೈಗೆ ಅಂಟುವ ಪುಡಿಯಲ್ಲಿ ಎರಡು ಬಗೆಯಿವೆ. ಒದ್ದೆ ಬಟ್ಟೆಯಿಂದಲ್ಲ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿದಾಗ ನಿಂತುಹೋದರೆ ಅದು ಮೇಲಿನ ಧೂಳು ಮಾತ್ರ. ಒರೆಸಿದಷ್ಟೂ ಬರುತ್ತಿದ್ದರೆ, ನಾಣ್ಯದಿಂದ ಗೀರಿದಾಗ ಆಳವಾಗಿ ಕಿತ್ತುಬಂದರೆ, ಪ್ಲಾಸ್ಟರೇ ಸತ್ತಿದೆ. ಕಲಸಿಟ್ಟು ಬಿಗಿಯಲು ತೊಡಗಿದ ಪ್ಲಾಸ್ಟರಿಗೆ ಮತ್ತೆ ನೀರು ಹಾಕಿ ಕಲಸಿ ಎಳೆದರೆ ಹೀಗಾಗುತ್ತದೆ. ಅಂಥ ಭಾಗವನ್ನು ಯಾವ ಪ್ರೈಮರೂ ಉಳಿಸುವುದಿಲ್ಲ, ಕಿತ್ತು ಹೊಸದಾಗಿ ಮಾಡಿಸಿ. ಸಿಮೆಂಟ್ ಮೆತ್ತಿದ ಜಾಗಗಳನ್ನೂ ಕೆತ್ತಿಸಿ ಜಿಪ್ಸಮ್ಮಿನಿಂದಲೇ ತುಂಬಿಸಿ. ಹಾಗೇ ಬಿಟ್ಟರೆ ಹೀರುವಿಕೆ ಬೇರೆಯಾಗಿ, ಬಣ್ಣದ ಮೇಲೆ ಆ ಗೀಟುಗಳು ಎದ್ದು ಕಾಣುತ್ತವೆ.

ಗೋಡೆಯನ್ನು 220 ನಂಬರಿನ ಎಮರಿ ಪೇಪರಿನಿಂದ ಹಗುರವಾಗಿ ಉಜ್ಜಿದರೆ ಸಾಕು. ವಾಟರ್ ಪ್ರೈಮರಿನ ಮೊದಲ ಕೋಟಿಗೆ ಡಬ್ಬಿಯ ಮೇಲೆ ಹೇಳಿದ ನೀರಿನ ಗರಿಷ್ಠ ಮಿತಿಯವರೆಗೆ ಬೆರೆಸಿ, ತೆಳ್ಳಗೆ ಹೊಡೆಸಿ. ಅದು ಒಳಗಿಳಿದು ಪುಡಿಯನ್ನು ಹಿಡಿಯುತ್ತದೆ. ನೀರು ಸಾಲದೆ ದಪ್ಪಗೆ ಹೊಡೆದರೆ ಧೂಳಿನ ಮೇಲೇ ಕೂತು, ಗೋಡೆಗೆ ಟೇಪ್ ಅಂಟಿಸಿ ಕಿತ್ತಾಗ ಅದರ ಜೊತೆಗೇ ಬರುತ್ತದೆ. ಅದು ಆರಿದ ಮೇಲೆ ಸಂಜೆ ಬಲ್ಬನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿ. ಹಗಲಿನಲ್ಲಿ ಕಾಣದ ಉಬ್ಬುತಗ್ಗುಗಳೆಲ್ಲ ಆಗ ಕಾಣುತ್ತವೆ. ಅವನ್ನು ಅಕ್ರಿಲಿಕ್ ಪುಟ್ಟಿಯಿಂದ ತಿದ್ದಿ, ತಿದ್ದಿದ ಜಾಗಕ್ಕೆ ಮತ್ತೆ ಪ್ರೈಮರ್ ಮುಟ್ಟಿಸಿ, ಬಳಿಕ ಎರಡು ಕೋಟ್ ಎಮಲ್ಷನ್ ಹೊಡೆಸಿ.

ಪ್ರಶ್ನೆ ಕೇಳಿದವರು, ಮೈಸೂರು

ಎಲ್ಲರಿಗೂ ಧನ್ಯವಾದ. ಹಾಳೆ ಅಂಟಿಸಿ ನೋಡಿದೆವು. ಕೆಳ ಅಂತಸ್ತು ಒಣಗಿದೆ, ಪಶ್ಚಿಮದ ಗೋಡೆಯಲ್ಲಿ ಹನಿಗಟ್ಟಿತ್ತು. ಪುಡಿ ಒಂದು ಸಲ ಒರೆಸಿದ ಮೇಲೆ ನಿಂತಿದೆ. ಮೇಸ್ತ್ರಿಯವರೂ ಒಪ್ಪಿದ್ದಾರೆ. ಇನ್ನೊಂದು ಸಂದೇಹ: ಬಚ್ಚಲುಮನೆಯ ಒಳಗೆ ಸಿಮೆಂಟ್ ಗಾರೆಯೇ ಇದೆ, ಆದರೆ ಅದೇ ಗೋಡೆಯ ಮಲಗುವ ಕೋಣೆಯ ಬದಿಗೆ ಜಿಪ್ಸಮ್ ಇದೆ. ಅದನ್ನು ತೆಗೆಸಬೇಕೆ?

ಉತ್ತರ 1: ಸಿವಿಲ್ ಎಂಜಿನಿಯರ್, ಹುಬ್ಬಳ್ಳಿ

ತೆಗೆಸಬೇಕಿಲ್ಲ. ಆದರೆ ಜಿಪ್ಸಮ್ ನೀರಿನಲ್ಲಿ ಲೀಟರಿಗೆ ಎರಡು ಗ್ರಾಮಿನಷ್ಟು ಕರಗುವ ವಸ್ತು. ಗೋಡೆಯೊಳಗಿನ ಪೈಪ್ ಸಣ್ಣಗೆ ಜಿನುಗಿದರೂ ಮೊದಲು ಕೆಡುವುದು ಆ ಬದಿಯೇ. ಪೈಪುಗಳಿಗೆ ಒತ್ತಡದ ಪರೀಕ್ಷೆ ಮಾಡಿಸಿ, ಟೈಲ್ಸ್ ಕೆಲಸ ಮುಗಿದು ಕೆಲವು ದಿನ ಬಚ್ಚಲನ್ನು ಬಳಸಿ ನೋಡಿದ ಮೇಲೆ ಆ ಗೋಡೆಗೆ ಪ್ರೈಮರ್ ಹೊಡೆಸಿ. ಗೃಹಪ್ರವೇಶದ ದಿನ ಆ ಒಂದು ಗೋಡೆ, ಪಶ್ಚಿಮದ ಇನ್ನೊಂದು ಗೋಡೆ ಬಿಳಿಯಾಗಿಯೇ ಇದ್ದರೆ ಬಂದವರು ಏನೂ ಅಂದುಕೊಳ್ಳುವುದಿಲ್ಲ.