ಅಪ್‌ಡೇಟ್: ಸಾಫ್ಟ್‌ರೈಡ್ ಸೈಕಲ್‌ನಿಂದ ಬಂದ ಮೊಣಕಾಲು ನೋವು ಹೋಯಿತು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಹಳೇ ಸಾಫ್ಟ್‌ರೈಡ್ ತಗೊಂಡಿದ್ದೇನೆ, ಸೀಟಿನ ಎತ್ತರ ನನ್ನ ಇನ್ನೊಂದು ಸೈಕಲ್‌ನಷ್ಟೇ ಇಟ್ಟಿದ್ದೇನೆ, ಆದರೂ 20 ಕಿಲೋಮೀಟರ್ ಆಗುವಷ್ಟರಲ್ಲಿ ಮೊಣಕಾಲು ನೋಯುತ್ತದೆ ಅಂತ. ತಪ್ಪು ನನ್ನದೇ. ಈ ಸೈಕಲ್‌ಗೆ ಸೀಟಿನ ಕೆಳಗೆ ಕಂಬವೇ ಇಲ್ಲ ಅಲ್ವಾ, ಮುಂದಿನಿಂದ ಚಾಚಿಕೊಂಡ ಕಾರ್ಬನ್ ತೊಲೆಯ ತುದಿಯಲ್ಲಿ ಸೀಟು ತೂಗುತ್ತಿರುತ್ತದೆ. ಕೂತರೆ ತೊಲೆ ಬಾಗುತ್ತದೆ. ನಾನು ಖಾಲಿ ಸೀಟನ್ನು ಅಳೆದಿದ್ದೆ!

ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಗೋಡೆಗೆ ಒರಗಿ ಕೂತೆ, ಹೆಂಡತಿ ಟೇಪ್ ಹಿಡಿದಳು. ಪೂರ್ತಿ 28 ಮಿಲಿಮೀಟರ್ ಕೆಳಗೆ! ಅಷ್ಟು ಎತ್ತರಿಸಿದೆ, ನಿನ್ನೆ 45 ಕಿಲೋಮೀಟರ್ ಹೊಡೆದೆ, ಏನೂ ನೋವಿಲ್ಲ. ಆದರೆ ಜೋರಾಗಿ ತುಳಿದರೆ ಮಾತ್ರ ಸೀಟು ಜೋಕಾಲಿ ಹಾಗೆ ಕುಣಿಯುತ್ತದೆ, ಅದಕ್ಕೆ ಭಾರದ ಗೇರ್ ಹಾಕಿ ನಿಧಾನವಾಗಿ, ಸಮವಾಗಿ ತುಳಿಯೋದು ಕಲಿಯುತ್ತಿದ್ದೇನೆ.

ಈ ಸೈಕಲ್ ರೇಸ್‌ನಲ್ಲಿ ಯಾಕೆ ಕಾಣಲ್ಲ ಅಂತ ಕೇಳಿದವರಿಗೆ: 2000ದಿಂದ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ, ರಸ್ತೆ ರೇಸ್‌ಗಳಲ್ಲಿ ಫ್ರೇಮು ಮಾಮೂಲಿ ತ್ರಿಕೋನದ ಆಕಾರದಲ್ಲೇ ಇರಬೇಕು ಅಂತ ನಿಯಮ ಮಾಡಿತು. ಟ್ರಯಾತ್ಲಾನ್‌ನವರು (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆಯವರು) ಆಮೇಲೂ ಓಡಿಸಿದರು. ಅಮೆರಿಕದ ಬೆಲ್ಲಿಂಗ್‌ಹ್ಯಾಮ್‌ನ ಸಾಫ್ಟ್‌ರೈಡ್ ಕಂಪನಿ ಈಗ ಸೈಕಲ್ ಮಾಡಲ್ಲ, ಹಾಗಾಗಿ ತೊಲೆ ಬಿರುಕು ಬಿಟ್ಟರೆ ಬದಲಿ ಸಿಗೋದು ಕಷ್ಟ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬೋಲ್ಟ್ ಹತ್ತಿರ ಟಾರ್ಚ್ ಬಿಟ್ಟು ನೋಡುತ್ತೇನೆ. ಹೆಂಡತಿ ನಗುತ್ತಾಳೆ, ನಗಲಿ.