ಪದ ಬೇಕು: ಮ್ಯಾಂಗ್ರೋವ್, ಆಂಟಿಬಯೋಟಿಕ್ (ತುರ್ತು)

ಡೊಂಬಿವಲಿಯಿಂದ:
ನಮಸ್ಕಾರ. ಸಂಘದ ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ಸಂಜೆಯೊಳಗೆ ಫ್ಲೆಕ್ಸ್‌ನವರಿಗೆ ಕಳಿಸಬೇಕು. ಖಾಡಿಯ (ಕಡಲ ಹಿನ್ನೀರಿನ) ಮ್ಯಾಂಗ್ರೋವ್, ಅಂದರೆ ಉಪ್ಪುನೀರಲ್ಲಿ ಬೆಳೆಯುವ ಮರಗಳ ಕಾಡು, ಅದರ ಕೆಸರಿನ ಆಕ್ಟಿನೊಮೈಸೀಟ್ ಅನ್ನುವ ಸೂಕ್ಷ್ಮಜೀವಿಗಳಿಂದ ಟಿಬಿಗೆ ಹೊಸ ಔಷಧ ಹುಡುಕುವ ವಿಷಯ. 'ಮ್ಯಾಂಗ್ರೋವ್ ಶಿಲೀಂಧ್ರಗಳಿಂದ ನಿರೋಧಕ ಕ್ಷಯಕ್ಕೆ ಪ್ರತಿಜೀವಕ' ಅಂತ ಬರೆದಿದ್ದೇನೆ. ನಡೆಯುತ್ತಾ?

ಪುಣೆಯಿಂದ:
ನಡೆಯಲ್ಲ. ಆಕ್ಟಿನೊಮೈಸೀಟ್ ಅನ್ನುವ ಹೆಸರಿನ ಬಾಲದಲ್ಲಿ ಶಿಲೀಂಧ್ರ ಅನ್ನುವ ಗ್ರೀಕ್ ಪದ ಇದೆ, ಅಷ್ಟೇ. ಎಳೆ ಎಳೆಯಾಗಿ ಬೆಳೆಯುತ್ತದೆ ಅಂತ ಹಳಬರು ಹಾಗೆ ಕರೆದರು. ಅದು ಬ್ಯಾಕ್ಟೀರಿಯಾ. 1943ರಲ್ಲಿ ಟಿಬಿಯ ಮದ್ದು ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಇದೇ ಬಳಗದ ಮಣ್ಣಿನ ಬ್ಯಾಕ್ಟೀರಿಯಾದಿಂದ. ಟಿಬಿಯ ಇನ್ನೊಂದು ಮದ್ದು ರಿಫಾಂಪಿಸಿನ್‌ನ ಮೂಲವೂ ಇದೇ ಬಳಗ. ಮ್ಯಾಂಗ್ರೋವ್‌ನಲ್ಲಿ ಉಪ್ಪು, ಉಬ್ಬರ-ಇಳಿತ, ಗಾಳಿಯಾಡದ ಕೆಸರು. ಇಂಥಲ್ಲಿ ಬದುಕುವವು ಬೇರೆ ಥರದ ರಾಸಾಯನಿಕ ಮಾಡಬಹುದು ಅಂತ ಈಗ ಅಲ್ಲಿ ಹುಡುಕುತ್ತಾರೆ.

'ನಿರೋಧಕ ಕ್ಷಯ' ಅಂದರೇನು? ಕ್ಷಯ ನಿರೋಧಕ ಔಷಧ, ಔಷಧ ನಿರೋಧಕ ಕ್ಷಯ, ಎರಡಕ್ಕೂ ಅದೇ ಪದ. ಓದುವವರು ಏನಂತ ತಿಳಿಯಬೇಕು? 'ಮದ್ದಿಗೆ ಬಗ್ಗದ ಕ್ಷಯ' ಅನ್ನಿ. ಐಸೋನಿಯಾಜಿಡ್, ರಿಫಾಂಪಿಸಿನ್ ಎರಡೂ ಮದ್ದಿಗೆ ಬಗ್ಗದ್ದನ್ನೇ ಡಾಕ್ಟರು ಎಂಡಿಆರ್ (ಹಲವು ಮದ್ದಿಗೆ ಬಗ್ಗದ) ಟಿಬಿ ಅನ್ನುವುದು.

ವಾಸ್ಕೋದಿಂದ:
ಮ್ಯಾಂಗ್ರೋವ್ ಯಾಕ್ರೀ? ಕುಮಟಾ ಕಡೆ ಯಾರನ್ನಾದರೂ ಕೇಳಿ, ಕಾಂಡ್ಲಾ. ಅದರಲ್ಲೊಂದು ಬಗೆಯ ಮರದ ಲ್ಯಾಟಿನ್ ಹೆಸರು ಕ್ಯಾಂಡೇಲಿಯಾ ಕೂಡ ಮಲಯಾಳದ ಕಂಡಲ್‌ನಿಂದ ಬಂದದ್ದು. ಮರಾಠಿಯ ಕಾಂದಳವನವೂ ದ್ರಾವಿಡವೇ, ಅನುಮಾನ ಬೇಡ. ಮನೆಯಲ್ಲಿ ಪದ ಇಟ್ಟುಕೊಂಡು ಬೀದಿಯಲ್ಲಿ ಸಾಲ ಕೇಳುವುದು ನಮ್ಮವರ ಚಾಳಿ. ಪ್ರತಿಜೀವಕವೂ ಬೇಡ. ಜೀವಕ ಅಂದರೆ ಬದುಕಿಸುವುದು, ಅದಕ್ಕೆ 'ಪ್ರತಿ' ಸೇರಿದರೆ ವಿಷವೇ ಆಯ್ತಲ್ಲ! 'ಅಣುಗೊಲ್ಲಿ' ಅನ್ನಿ, ಅಚ್ಚಗನ್ನಡ.

ಪುಣೆಯಿಂದ:
'ಅಣು' ಯಾವಾಗ ಅಚ್ಚಗನ್ನಡ ಆಯ್ತು? ಓದಿದವರು ಬಾಂಬ್ ಅಂದುಕೊಳ್ಳುತ್ತಾರೆ. ಕಾಂದಳಕ್ಕೆ ಆಧಾರ ಕೊಡಿ. ಸದ್ದು ಹೋಲಿದರೆ ಸಾಕಾ?

ಡೊಂಬಿವಲಿಯಿಂದ:
ಇಬ್ಬರಿಗೂ ಥ್ಯಾಂಕ್ಸ್. ನಮ್ಮಲ್ಲಿ ವಿಜಯಪುರ, ಕಲಬುರಗಿ ಕಡೆಯವರು ಜಾಸ್ತಿ. ಕಾಂಡ್ಲಾ ಬರೀ ಹಾಕಿದರೆ ಯಾರಿಗೂ ತಿಳಿಯಲ್ಲ. ಹೀಗೆ ಕಳಿಸಿದೆ: 'ಮ್ಯಾಂಗ್ರೋವ್ (ಕಾಂಡ್ಲಾ) ಕೆಸರಿನ ಬ್ಯಾಕ್ಟೀರಿಯಾ: ಮದ್ದಿಗೆ ಬಗ್ಗದ ಕ್ಷಯಕ್ಕೆ ಹೊಸ ಆಂಟಿಬಯೋಟಿಕ್ ಹುಡುಕಾಟ'.

ವಾಸ್ಕೋದಿಂದ:
ಕನ್ನಡಕ್ಕೆ ಬ್ರಾಕೆಟ್, ಇಂಗ್ಲಿಷ್‌ಗೆ ಹೊರಗೆ ಗದ್ದುಗೆ. ಭೇಷ್.
ಪುಣೆಯವರಿಗೆ: ಗೋವಾದ ಖಾಜಣ, ಅಘನಾಶಿನಿಯ ಗಜನಿ, ಎರಡೂ ಕಟ್ಟೆ ಹಾಕಿ ಉಪ್ಪುನೀರು ತಡೆದ ಗದ್ದೆಗಳೇ. ಅದಕ್ಕೂ ಆಧಾರ ಕೇಳುತ್ತೀರಾ, ಅಥವಾ ಅದೂ ಸುಮ್ನೆ ಸದ್ದೇನಾ?