ಎಕ್ಸ್-ರೇ ಸೂಸುವ ನಕ್ಷತ್ರದ ಬೆಳಕು ಯಾಕೆ ಏರಿಳಿಯುತ್ತದೆ?

ಚುಕ್ಕಿನೋಟ:
ವೃಷಭ ರಾಶಿಯ ಎಚ್‌ಆರ್ 1099 ನಕ್ಷತ್ರವನ್ನು ನವೆಂಬರ್‌ನಿಂದ ಮನೆ ತಾರಸಿಯಲ್ಲಿ ಕ್ಯಾಮೆರಾಗೆ 200 ಎಂಎಂ ಲೆನ್ಸ್ ಹಾಕಿ ಅಳೆಯುತ್ತಿದ್ದೇನೆ. ಮೃದು (ಕಡಿಮೆ ಶಕ್ತಿಯ) ಎಕ್ಸ್-ರೇಯಲ್ಲಿ ಇದು ತುಂಬಾ ಜೋರಾಗಿ ಬೆಳಗುತ್ತದಂತೆ. ಆದರೆ ಎಕ್ಸ್-ರೇ ನಮ್ಮ ವಾತಾವರಣ ದಾಟಿ ಬರುವುದೇ ಇಲ್ಲ ಅಲ್ವಾ? ನನಗೆ ಸಿಗುವುದು ಮಾಮೂಲಿ ಬೆಳಕು, ಅದೂ ಒಂದು ರಾತ್ರಿ ಜಾಸ್ತಿ, ಮರುರಾತ್ರಿ ಕಡಿಮೆ. ಎರಡಕ್ಕೂ ಸಂಬಂಧ ಇದೆಯಾ, ಇಲ್ಲ ನನ್ನ ಅಳತೆಯೇ ತಪ್ಪಾ?

ರಾತ್ರಿಪಾಳಿ:
ಸಂಬಂಧ ಇದೆ. ಎರಡರ ಬೇರೂ ಕಾಂತಕ್ಷೇತ್ರ. ಅಲ್ಲಿರುವುದು ಜೋಡಿ ನಕ್ಷತ್ರ, 2.84 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಅಷ್ಟು ಹತ್ತಿರ ಇರುವುದರಿಂದ ಪರಸ್ಪರ ಸೆಳೆತಕ್ಕೆ ಸಿಕ್ಕಿ, ಅಷ್ಟೇ ಹೊತ್ತಿನಲ್ಲಿ ತಮ್ಮ ಸುತ್ತಲೂ ಒಂದು ಸಲ ತಿರುಗುತ್ತವೆ. ಸೂರ್ಯನಿಗೆ ಅದಕ್ಕೇ ಸುಮಾರು 25 ದಿನ ಬೇಕು. ಜೋಡಿಯಲ್ಲಿ ದೊಡ್ಡದು ಉಬ್ಬಿದ ಕೆ ವರ್ಗದ (ಸೂರ್ಯನಿಗಿಂತ ತಂಪಾದ, ಕಿತ್ತಳೆ ಬಣ್ಣದ) ನಕ್ಷತ್ರ, ಅದರ ಹೊರಪದರ ಕುದಿಯುವ ಗಂಜಿಯ ಹಾಗೆ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ಈ ಕುದಿತಕ್ಕೆ ಆ ವೇಗ ಸೇರಿದರೆ ಕಾಂತಕ್ಷೇತ್ರ ವಿಪರೀತ ಬಲವಾಗುತ್ತದೆ. ಅದು ಮೇಲಿನ ಕರೋನಾವನ್ನು, ಅಂದರೆ ನಕ್ಷತ್ರದ ತೆಳುವಾದ ಹೊರ ವಾತಾವರಣವನ್ನು, ಕೋಟಿ ಡಿಗ್ರಿ ದಾಟಿ ಕಾಯಿಸುತ್ತದೆ, ಎಕ್ಸ್-ರೇ ಬರುವುದು ಅಲ್ಲಿಂದ. ಅದೇ ಕಾಂತಕ್ಷೇತ್ರ ಕೆಳಗಿನ ಬಿಸಿಯನ್ನು ತಡೆದ ಕಡೆ ಕಪ್ಪು ಕಲೆ ಬೀಳುತ್ತದೆ. ಕಲೆಯ ಮಗ್ಗುಲು ನಮ್ಮತ್ತ ತಿರುಗಿದಾಗ ಬೆಳಕು ಇಳಿಯುತ್ತದೆ.

ತಾರಸಿಮನೆ:
ಅಳತೆಗೆ ಪಕ್ಕದ 10 ಟೌರಿ ನಕ್ಷತ್ರದ ಜೊತೆ ಹೋಲಿಸುತ್ತಿದ್ದೀರಾ? ಬರೀ 11 ಆರ್ಕ್‌ಮಿನಿಟ್ ದೂರ, ಚಂದ್ರನ ಅಗಲದ ಮೂರನೇ ಒಂದರಷ್ಟು. ತೆಳು ಮೋಡ ಬಂದರೆ ಎರಡೂ ಒಟ್ಟಿಗೆ ಮಂಕಾಗುತ್ತವೆ, ಲೆಕ್ಕ ಕೆಡುವುದಿಲ್ಲ. ಆದರೆ ಅದು 4.3 ಮ್ಯಾಗ್ನಿಟ್ಯೂಡ್, ನಿಮ್ಮದು 5.8 ಆಸುಪಾಸು (ಈ ಅಂಕಿ ಕಡಿಮೆಯಾದಷ್ಟೂ ಪ್ರಕಾಶ ಹೆಚ್ಚು), ಹಾಗಾಗಿ 10 ಟೌರಿ ಬೇಗ ಸ್ಯಾಚುರೇಟ್ ಆಗಿಬಿಡುತ್ತದೆ, ಅಂದರೆ ಸೆನ್ಸರ್ ಅಳೆಯುವ ಮಿತಿ ದಾಟುತ್ತದೆ. ಫೋಕಸ್ ಸ್ವಲ್ಪ ಕೆಡಿಸಿ, ಚಿತ್ರದ ಹಸಿರು ಚಾನೆಲ್ ಮಾತ್ರ ತೆಗೆದುಕೊಳ್ಳಿ. ಏರಿಳಿತ 0.2 ಮ್ಯಾಗ್ನಿಟ್ಯೂಡ್ ಇದ್ದರೆ ಅದೇ ದೊಡ್ಡದು, ಅವಸರ ಮಾಡಿದರೆ ಸಿಗುವುದಿಲ್ಲ. ಇನ್ನೊಂದು ಮಾತು, 6 ಸುತ್ತಿಗೆ ಹೆಚ್ಚುಕಡಿಮೆ 17 ದಿನ. ಅಂದರೆ 17 ರಾತ್ರಿ ಬಿಟ್ಟು ಅದೇ ಹೊತ್ತಿಗೆ ನೋಡಿದರೆ ಹೆಚ್ಚುಕಡಿಮೆ ಅದೇ ಮುಖ ಕಾಣುತ್ತದೆ. ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ 34 ಸೆಂಟಿಮೀಟರ್ ದೂರದರ್ಶಕದಲ್ಲಿ ಇಂಥ ನಕ್ಷತ್ರಗಳನ್ನು ವರ್ಷಗಟ್ಟಲೆ ಅಳೆದಿದ್ದಾರೆ, ಕಲೆಗಳು ಜಾಗ ಬದಲಿಸಿದ ಹಾಗೆ ಗ್ರಾಫ್ ಆಕಾರವೂ ಬದಲಾಗುತ್ತದೆ.

ಚುಕ್ಕಿನೋಟ:
ಹಾಗಾದರೆ ಬೆಳಕು ಇಳಿದಾಗ ಎಕ್ಸ್-ರೇ ಏರಲೇಬೇಕಾ?

ರಾತ್ರಿಪಾಳಿ:
ಹಾಗೇನಿಲ್ಲ. ಕರೋನಾ ನಕ್ಷತ್ರದ ಅಂಚಿನಾಚೆಗೂ ಚಾಚಿರುತ್ತದೆ, ಕಲೆ ಹಿಂದೆ ಸರಿದರೂ ಅದು ಪೂರ್ತಿ ಮರೆಯಾಗುವುದಿಲ್ಲ. ಜೊತೆಗೆ ಫ್ಲೇರ್ (ಕಾಂತಶಕ್ತಿಯ ದಿಢೀರ್ ಸ್ಫೋಟ) ಎದ್ದರೆ ಎಕ್ಸ್-ರೇ ಗಂಟೆಗಟ್ಟಲೆ ಏರಿ ಕೂರುತ್ತದೆ, ಅದಕ್ಕೆ ಕಲೆ ಯಾವ ಕಡೆ ಇದೆ ಅನ್ನುವ ಲೆಕ್ಕವಿಲ್ಲ.

ಚುಕ್ಕಿನೋಟ:
ಹಳೆಯ ಫೈಲ್ ತೆಗೆದು ನೋಡಿದೆ, ಆರು ರಾತ್ರಿ 10 ಟೌರಿ ಸ್ಯಾಚುರೇಟ್ ಆಗಿದೆ. ಅವನ್ನು ಬಿಟ್ಟು, ಇವತ್ತಿನಿಂದ ಫೋಕಸ್ ಕೆಡಿಸಿ ಮತ್ತೆ ಶುರು ಮಾಡುತ್ತೇನೆ.